ದಿಲ್‌ಪಸಂದ್

ದಿಲ್‌ಪಸಂದ್ ಎಂಬುದು ಮೈದಾ ಹಿಟ್ಟಿನ ಎರಡು ಪದರಗಳ ನಡುವೆ ಸಿಹಿ ಕೊಬ್ಬರಿಯ ಹೂರಣವನ್ನು ತುಂಬಿ, ಓವನ್‌ನ ಒಣ ಕಾವಿನಲ್ಲಿ ಬೇಯಿಸಿ, ತ್ರಿಕೋನ ಅಥವಾ ಉದ್ದನೆಯ ತುಂಡುಗಳಾಗಿ ಕತ್ತರಿಸಿ ಮಾರುವ ಬೇಕರಿ ತಿನಿಸು. ಕರ್ನಾಟಕದ ಅಯ್ಯಂಗಾರ್ ಬೇಕರಿಗಳ ಪರಿಚಿತ ತಿನಿಸುಗಳಲ್ಲಿ ಇದೂ ಒಂದು. ಹೂರಣದಲ್ಲಿ ಕೊಬ್ಬರಿ ತುರಿ ಮತ್ತು ಸಕ್ಕರೆಯ ಜೊತೆಗೆ ಟೂಟಿ ಫ್ರೂಟಿ, ಒಣದ್ರಾಕ್ಷಿ, ಗೋಡಂಬಿ ಮತ್ತು ಏಲಕ್ಕಿ ಇರುತ್ತವೆ. ಸಾಮಾನ್ಯವಾಗಿ ಇದಕ್ಕೆ ಮೊಟ್ಟೆ ಬಳಸುವುದಿಲ್ಲ.

ಬೇಕರಿಯಲ್ಲಿ ಸುಲಭವಾಗಿ ಸಿಗುವ ಈ ತಿನಿಸಿನ ಅಳತೆಗಳು ಅಡುಗೆಮನೆಗಳಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಬೇಕರಿಯ ಪಾಕವಿಧಾನ ಹೆಚ್ಚಾಗಿ ಕೆಲಸಗಾರರ ಕೈಯಿಂದ ಕೈಗೆ ಬಂದದ್ದು. ಅದರ ಲೆಕ್ಕ ಹಿಟ್ಟಿನ ಮೂಟೆಗೆ ಹೊಂದಿಸಿದ್ದು. ಆದುದರಿಂದ ಮನೆಯಲ್ಲಿ ಇದನ್ನು ಮಾಡಬಯಸುವವರು ತಿನಿಸಿನ ರಚನೆಯನ್ನು ಅರಿತು, ಬೇಕರಿಯ ಅಳತೆಯನ್ನು ಮನೆಯ ಅಳತೆಗೆ ಇಳಿಸಿಕೊಳ್ಳಬೇಕಾಗುತ್ತದೆ.

ಹೆಸರು

'ದಿಲ್' (ಹೃದಯ, ಮನಸ್ಸು) ಮತ್ತು 'ಪಸಂದ್' (ಮೆಚ್ಚಿಗೆ) ಎಂಬ ಎರಡೂ ಪದಗಳು ಪಾರಸಿ ಮೂಲದವು. ಉರ್ದುವಿನ ಮೂಲಕ ದಕ್ಷಿಣ ಭಾರತಕ್ಕೆ ಬಂದಿವೆ. 'ಮನಸ್ಸಿಗೆ ಮೆಚ್ಚಿಗೆಯಾದದ್ದು' ಎಂಬುದು ಸಮಾಸದ ಅರ್ಥ. ಆಡುಗನ್ನಡದಲ್ಲಿ 'ಪಸಂದಾಗಿದೆ' ಎಂಬ ಪ್ರಯೋಗ ಈಗಲೂ ಇದೆ. ಕೆಲವು ಬೇಕರಿಗಳು ಇದನ್ನೇ 'ದಿಲ್‌ಖುಷ್' ಎಂದು ಕರೆಯುತ್ತವೆ. ಹೈದರಾಬಾದಿನ ಬೇಕರಿಗಳಲ್ಲಿಯೂ ಈ ಎರಡು ಹೆಸರುಗಳು ಪ್ರಚಲಿತವಾಗಿವೆ.

ರಚನೆ ಮತ್ತು ಬಗೆಗಳು

ಹೋಳಿಗೆಯ ಪರಿಭಾಷೆಯಲ್ಲಿ ಹೇಳುವುದಾದರೆ ದಿಲ್‌ಪಸಂದಿಗೂ ಕಣಕ ಮತ್ತು ಹೂರಣ ಎಂಬ ಎರಡು ಅಂಗಗಳಿವೆ. ಹೋಳಿಗೆಯಲ್ಲಿ ಕಣಕವು ಹೂರಣವನ್ನು ಪೂರ್ತಿಯಾಗಿ ಸುತ್ತಿಕೊಂಡು, ಲಟ್ಟಿಸಿದಾಗ ಅದರೊಡನೆ ಒಂದಾಗುತ್ತದೆ. ದಿಲ್‌ಪಸಂದಿನಲ್ಲಿ ಕೆಳಗೊಂದು ಮತ್ತು ಮೇಲೊಂದು ಹಾಳೆ ಇದ್ದು ನಡುವಿನ ಹೂರಣ ಪ್ರತ್ಯೇಕ ಪದರವಾಗಿ ಉಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಮೂರು ಪದರಗಳು ಸ್ಪಷ್ಟವಾಗಿ ಕಾಣಬೇಕು.

ಕಣಕದ ಸ್ವರೂಪವನ್ನು ಅನುಸರಿಸಿ ಎರಡು ಮುಖ್ಯ ಬಗೆಗಳಿವೆ.

1. ಬನ್ ಬಗೆ: ಯೀಸ್ಟ್ ಹಾಕಿ ಹುದುಗಿಸಿದ ಸಿಹಿ ಹಿಟ್ಟಿನಿಂದ ಮಾಡಿದ್ದು. ಮೆತ್ತಗಿದ್ದು ಒಳಗೆ ಸಣ್ಣ ರಂಧ್ರಗಳನ್ನು ಹೊಂದಿರುತ್ತದೆ. ಮನೆಯಲ್ಲಿ ಮಾಡಲು ಇದು ಸುಲಭ.
2. ಪಫ್ ಬಗೆ: ಹಿಟ್ಟು ಮತ್ತು ಕೊಬ್ಬನ್ನು ಒಂದರ ಮೇಲೊಂದಾಗಿ ಮಡಿಸಿ ಲಟ್ಟಿಸಿದ ಹಾಳೆಯಿಂದ ಮಾಡಿದ್ದು. ಮೂರು ಮಡಿಕೆಯ ಕ್ರಿಯೆಯನ್ನು ಮೂರು ಬಾರಿ ನಡೆಸಿದರೆ ಕೊಬ್ಬಿನ ಪದರಗಳು 27 ಆಗುತ್ತವೆ. ಬೇಯುವಾಗ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಈ ಪದರಗಳನ್ನು ಎತ್ತುತ್ತದೆ. ಕಚ್ಚಿದರೆ ಪುಡಿಯಾಗಿ ಉದುರುವ ಗುಣ ಇದರದು.

ತುಪ್ಪ ಮತ್ತು ಅಕ್ಕಿಹಿಟ್ಟನ್ನು ಕಲಸಿದ 'ಸಾಟಿ'ಯನ್ನು ಹಾಳೆಗಳ ನಡುವೆ ಸವರಿ ಕರಿಯುವ ಚಿರೋಟಿಯಲ್ಲಿಯೂ ಪದರ ಬಿಡಿಸುವ ತತ್ತ್ವ ಇದೇ. ಚಿರೋಟಿಯನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ದಿಲ್‌ಪಸಂದನ್ನು ಒಣ ಕಾವಿನಲ್ಲಿ ಬೇಯಿಸುತ್ತಾರೆ.

ಹಿನ್ನೆಲೆ

ಬ್ರೆಡ್ ಮತ್ತು ಬಿಸ್ಕತ್ತಿನ ತಯಾರಿಕೆ ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೇರೂರಿತು. ಬ್ರೆಡ್ಡಿಗೆ ಮೊಟ್ಟೆ ಬೆರೆಸುತ್ತಾರೆಂಬ ಶಂಕೆಯಿಂದ ದೂರ ಉಳಿದಿದ್ದ ಸಸ್ಯಾಹಾರಿ ಗ್ರಾಹಕರಿಗೆ ಹಾಸನ ಜಿಲ್ಲೆಯ ಮೂಲದ ಅಯ್ಯಂಗಾರ್ ಕುಟುಂಬಗಳ ಬೇಕರಿಗಳು ಮೊಟ್ಟೆಯಿಲ್ಲದ ತಿನಿಸುಗಳನ್ನು ಒದಗಿಸಿದವು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತಿರುಮಲಾಚಾರ್ ಅವರು ಆರಂಭಿಸಿದ ಬೆಂಗಳೂರು ಬ್ರದರ್ಸ್ (ಬಿ.ಬಿ.) ಬೇಕರಿಯನ್ನು ಈ ಪರಂಪರೆಯ ಮೊದಲ ಬೇಕರಿಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮುಂದೆ ಈ ಮಾದರಿಯ ಬೇಕರಿಗಳು ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕು ಕೇಂದ್ರಗಳಿಗೂ ಹರಡಿದವು. ಕೊಬ್ಬರಿ ಬನ್, ಖಾರಾ ಬನ್, ಹನಿ ಕೇಕ್, ವೆಜಿಟೇಬಲ್ ಪಫ್‌ಗಳ ಸಾಲಿನಲ್ಲಿ ದಿಲ್‌ಪಸಂದ್ ಕೂಡ ಗಾಜಿನ ಕಪಾಟಿನಲ್ಲಿ ತನ್ನ ಸ್ಥಾನ ಪಡೆಯಿತು.

ಹೂರಣದ ಬಣ್ಣದ ತುಣುಕುಗಳಾದ ಟೂಟಿ ಫ್ರೂಟಿಯ ಹೆಸರು ಇಟಾಲಿಯನ್ ಭಾಷೆಯದು; 'ಎಲ್ಲ ಹಣ್ಣುಗಳು' ಎಂಬುದು ಅದರ ಅರ್ಥ. ಭಾರತದಲ್ಲಿ ಇದನ್ನು ಸಾಮಾನ್ಯವಾಗಿ ಪರಂಗಿಕಾಯಿಯಿಂದ ತಯಾರಿಸುತ್ತಾರೆ. ಕಾಯಿಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಸೇರಿಸಿ ಒಣಗಿಸಲಾಗುತ್ತದೆ.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇದು ಜೋಳದ ರೊಟ್ಟಿಯ ಬಯಲುಸೀಮೆ. ಮನೆಯ ಸಿಹಿಯೆಂದರೆ ಹೋಳಿಗೆ, ಕಡುಬು, ಉಂಡಿಗಳು. ಜಾತ್ರೆಯ ತಿನಿಸೆಂದರೆ ಬೆಂಡು, ಬತ್ತಾಸು, ಮಂಡಕ್ಕಿ, ಖಾರ, ಜಿಲೇಬಿ. ಬೇಕರಿಯ ಸಿಹಿ ಇಲ್ಲಿ ಪಟ್ಟಣದ ಬಸ್ ನಿಲ್ದಾಣ ಮತ್ತು ಪೇಟೆಬೀದಿಯ ಮೂಲಕ ಪರಿಚಯವಾದದ್ದು. ಊರಿಗೆ ಹೋಗುವಾಗ ಪೊಟ್ಟಣ ಕಟ್ಟಿಸಿಕೊಂಡು ಹೋಗಲು ಒಣ ತಿನಿಸು ಅನುಕೂಲ.

ಈ ಪ್ರದೇಶದ ಅಡುಗೆಮನೆಗೆ ದಿಲ್‌ಪಸಂದನ್ನು ತರುವಾಗ ಮೂರು ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ಹಿಟ್ಟು. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇರುವುದಿಲ್ಲ. ಬಿಸಿನೀರಿನಲ್ಲಿ ಕಲಸಿ ಬಡಿದರೆ ರೊಟ್ಟಿಯಾಗುತ್ತದೆಯೇ ಹೊರತು, ಎಳೆದಾಗ ಹಿಗ್ಗುವ ಜಿಗುಟು ಅದಕ್ಕೆ ಬರುವುದಿಲ್ಲ. ಯೀಸ್ಟ್ ಬಿಡುವ ಅನಿಲವನ್ನು ಅದು ಹಿಡಿದಿಡಲಾರದು. ಆದ್ದರಿಂದ ಗೋಧಿ ಮೂಲದ ಹಿಟ್ಟು ಅನಿವಾರ್ಯ. ಮೈದಾದ ಅರ್ಧ ಭಾಗಕ್ಕೆ ಗೋಧಿಹಿಟ್ಟನ್ನು ಬಳಸಬಹುದು. ಆಗ ಹಾಲನ್ನು ಒಂದೆರಡು ಚಮಚ ಹೆಚ್ಚಿಸಬೇಕು.

ಎರಡನೆಯದು ತೆಂಗು. ಹಸಿ ತೆಂಗಿನಕಾಯಿಯ ತುರಿಯಲ್ಲಿ ನೀರಿನ ಅಂಶ ಹೆಚ್ಚು. ಅದು ಕೆಳಗಿನ ಪದರವನ್ನು ಒದ್ದೆ ಮಾಡುತ್ತದೆ, ಬೇಗ ಹಳಸುತ್ತದೆ. ತಿಪಟೂರು, ಅರಸೀಕೆರೆಗಳ ಕಡೆಯಿಂದ ರಾಜ್ಯದ ಮಾರುಕಟ್ಟೆಗಳಿಗೆ ಬರುವಂತಹ ಒಣಕೊಬ್ಬರಿ ಇದಕ್ಕೆ ಹೊಂದುತ್ತದೆ. ಹೊರಗಿನ ಕಂದು ಸಿಪ್ಪೆಯನ್ನು ಹೆರೆದು ತೆಗೆದು ತುರಿದರೆ ಹೂರಣ ಬೆಳ್ಳಗಿರುತ್ತದೆ.

ಮೂರನೆಯದು ಹವೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಹಿಟ್ಟು ಬೇಗನೆ ಉಬ್ಬಿ ಹುಳಿಯಾಗುತ್ತದೆ, ಬೆಣ್ಣೆ ಕರಗಿ ಸೋರುತ್ತದೆ. ಬೆಂಗಳೂರಿನ ಹವೆಗೆ ಹೊಂದಿಸಿದ ಸಮಯವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ತಿನಿಸು ಕೆಡುತ್ತದೆ. ಚೈತ್ರ, ವೈಶಾಖ ಮಾಸಗಳಲ್ಲಿ ತಣ್ಣನೆಯ ಹಾಲಿನಲ್ಲಿ ಕಲಸಿ, ಯೀಸ್ಟನ್ನು ಕಾಲು ಭಾಗ ಕಡಿಮೆ ಮಾಡಿ, ಮುಂಜಾನೆ ಕೆಲಸ ಮುಗಿಸುವುದು ಒಳ್ಳೆಯದು. ಪಫ್ ಬಗೆಯನ್ನು ಈ ತಿಂಗಳುಗಳಲ್ಲಿ ಫ್ರಿಜ್ ಇಲ್ಲದೆ ಮಾಡುವುದು ಕಷ್ಟ.

ಪಾಕವಿಧಾನವನ್ನು ಪತ್ತೆಹಚ್ಚುವುದು

ಮೆಚ್ಚಿದ ಬೇಕರಿಯ ರುಚಿಯನ್ನು ಮನೆಯಲ್ಲಿ ತರಬೇಕಾದರೆ ಲಿಖಿತ ಪಾಕವಿಧಾನಕ್ಕಿಂತ ತಿನಿಸಿನ ಒಂದು ತುಂಡೇ ಉತ್ತಮ ಆಕರ. ತುಂಡನ್ನು ಅಡ್ಡಲಾಗಿ ಕೊಯ್ದು ಈ ಕೆಳಗಿನವನ್ನು ಪರೀಕ್ಷಿಸಬಹುದು.

- ಹಾಳೆಯ ಒಳಭಾಗ: ರಂಧ್ರಗಳಿದ್ದು ಒತ್ತಿದರೆ ಮತ್ತೆ ಉಬ್ಬಿದರೆ ಬನ್ ಬಗೆ, ಎಳೆ ಎಳೆಯಾಗಿ ಬಿಟ್ಟುಕೊಂಡರೆ ಪಫ್ ಬಗೆ.
- ಮೇಲ್ಮೈ: ಮಂದ ಕಂದು ಬಣ್ಣವಿದ್ದರೆ ಹಾಲು ಸವರಿದ್ದು, ಅಂಟುವ ಹೊಳಪಿದ್ದರೆ ಸಕ್ಕರೆ ಪಾಕ ಸವರಿದ್ದು.
- ಹೂರಣ: ಬಿಡಿಬಿಡಿಯಾಗಿ ಉದುರಿದರೆ ಒಣಕೊಬ್ಬರಿಗೆ ಸಕ್ಕರೆ ಬೆರೆಸಿದ್ದು, ಮುದ್ದೆಯಾಗಿದ್ದರೆ ಪಾಕ ಅಥವಾ ಹಾಲು ಸೇರಿಸಿ ಕಾಯಿಸಿದ್ದು.
- ಕೊಬ್ಬು: ತಿಂದ ಬಳಿಕ ಅಂಗುಳಿನಲ್ಲಿ ಮೇಣದಂತಹ ಪದರ ಉಳಿದರೆ ಅದು ಬಹುಮಟ್ಟಿಗೆ ವನಸ್ಪತಿ, ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ.
- ಪದರಗಳ ದಪ್ಪ: ಹೂರಣದ ದಪ್ಪವನ್ನು ಹಾಳೆಯ ದಪ್ಪಕ್ಕೆ ಹೋಲಿಸಿ ನೋಡಿದರೆ ಎರಡರ ಪ್ರಮಾಣ ತಿಳಿಯುತ್ತದೆ.

ಬೇಕರಿಯ ಕೆಲಸಗಾರರಿಂದ ಅಳತೆ ದೊರೆತರೂ ಅದು ದೊಡ್ಡ ಪ್ರಮಾಣದ್ದಾಗಿರುತ್ತದೆ. ಅದನ್ನು ಇಳಿಸಲು ಬೇಕರಿ ವೃತ್ತಿಯಲ್ಲಿಯೇ ಒಂದು ಕ್ರಮವಿದೆ. ಹಿಟ್ಟಿನ ತೂಕವನ್ನು 100 ಎಂದು ಇಟ್ಟುಕೊಂಡು ಉಳಿದ ಪದಾರ್ಥಗಳನ್ನು ಅದರ ಶೇಕಡಾವಾರಿನಲ್ಲಿ ಹೇಳುವುದು ಆ ಕ್ರಮ. ಉದಾಹರಣೆಗೆ, 5 ಕಿಲೋ ಹಿಟ್ಟಿಗೆ 600 ಗ್ರಾಂ ಸಕ್ಕರೆ ಎಂದರೆ ಶೇ. 12. ಹಾಗಾದರೆ 250 ಗ್ರಾಂ ಹಿಟ್ಟಿಗೆ 30 ಗ್ರಾಂ ಸಕ್ಕರೆ ಸಾಕು. ಲೋಟ, ಬಟ್ಟಲುಗಳ ಗಾತ್ರ ಮನೆಯಿಂದ ಮನೆಗೆ ಬೇರೆಯಾಗುವುದರಿಂದ ತೂಕದ ಅಳತೆಯೇ ನಂಬಲರ್ಹ. ಹುದುಗುವ ಸಮಯವನ್ನು ಮಾತ್ರ ಹೀಗೆ ಲೆಕ್ಕ ಹಾಕಲಾಗದು. ದೊಡ್ಡ ಮುದ್ದೆ ತನ್ನ ಶಾಖವನ್ನು ಉಳಿಸಿಕೊಂಡು ಬೇಗ ಉಬ್ಬುತ್ತದೆ, ಸಣ್ಣ ಮುದ್ದೆಗೆ ಹೆಚ್ಚು ಹೊತ್ತು ಬೇಕಾಗಬಹುದು.

ಮನೆಯಲ್ಲಿ ತಯಾರಿಕೆ

ಕೆಳಗಿನ ಅಳತೆ ಬನ್ ಬಗೆಯದು. 22 ಸೆಂ.ಮೀ. ಅಗಲದ ದುಂಡನೆಯ ತಟ್ಟೆಗೆ ಹೊಂದುತ್ತದೆ, 8 ತುಂಡುಗಳಾಗುತ್ತವೆ.

ಕಣಕಕ್ಕೆ:
- ಮೈದಾ 250 ಗ್ರಾಂ
- ಉಗುರುಬೆಚ್ಚಗಿನ ಹಾಲು 140 ಮಿ.ಲೀ.
- ಬೆಣ್ಣೆ 40 ಗ್ರಾಂ
- ಸಕ್ಕರೆ 30 ಗ್ರಾಂ
- ಒಣ ಯೀಸ್ಟ್ (ಇನ್‌ಸ್ಟಂಟ್) 4 ಗ್ರಾಂ
- ಉಪ್ಪು 3 ಗ್ರಾಂ

ಹೂರಣಕ್ಕೆ:
- ಒಣಕೊಬ್ಬರಿ ತುರಿ 100 ಗ್ರಾಂ
- ಪುಡಿ ಸಕ್ಕರೆ 60 ಗ್ರಾಂ
- ಟೂಟಿ ಫ್ರೂಟಿ 60 ಗ್ರಾಂ
- ಒಣದ್ರಾಕ್ಷಿ 20 ಗ್ರಾಂ
- ಗೋಡಂಬಿ ಚೂರು 20 ಗ್ರಾಂ
- ತುಪ್ಪ 1 ದೊಡ್ಡ ಚಮಚ
- ಹಾಲು 2 ದೊಡ್ಡ ಚಮಚ
- ಏಲಕ್ಕಿ ಪುಡಿ ಅರ್ಧ ಸಣ್ಣ ಚಮಚ

ವಿಧಾನ:

1. ಹಾಲಿಗೆ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಹತ್ತು ನಿಮಿಷ ಬಿಡಬೇಕು. ನೊರೆ ಬಾರದಿದ್ದರೆ ಯೀಸ್ಟ್ ಹಳೆಯದೆಂದು ತಿಳಿದು ಬದಲಾಯಿಸಬೇಕು. ಹಾಲು ಕೈಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ.
2. ಮೈದಾಕ್ಕೆ ಉಪ್ಪು ಬೆರೆಸಿ, ಹಾಲಿನ ಮಿಶ್ರಣ ಹಾಕಿ ಕಲಸಬೇಕು. ಬಳಿಕ ಬೆಣ್ಣೆ ಸೇರಿಸಿ 10ರಿಂದ 12 ನಿಮಿಷ ನಾದಬೇಕು. ಸ್ವಲ್ಪ ಹಿಟ್ಟನ್ನು ಎಳೆದಾಗ ಹರಿಯದೆ ತೆಳುವಾದ ಪೊರೆಯಂತೆ ಹಿಗ್ಗಿದರೆ ನಾದಿದ್ದು ಸಾಕು.
3. ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟಾಗುವವರೆಗೆ ಬಿಡಬೇಕು. ಸಾಧಾರಣ ಹವೆಯಲ್ಲಿ 1ರಿಂದ ಒಂದೂವರೆ ಗಂಟೆ, ಕಡುಬೇಸಿಗೆಯಲ್ಲಿ ಮುಕ್ಕಾಲು ಗಂಟೆಯೊಳಗೆ ಸಾಕಾಗಬಹುದು. ಇಲ್ಲಿ ಗಡಿಯಾರಕ್ಕಿಂತ ಹಿಟ್ಟಿನ ಗಾತ್ರವೇ ಪ್ರಮಾಣ.
4. ಅಷ್ಟರಲ್ಲಿ ಹೂರಣದ ಪದಾರ್ಥಗಳನ್ನೆಲ್ಲ ಕಲಸಿಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಒಡೆಯುವ ಹದವಿರಬೇಕು.
5. ಉಬ್ಬಿದ ಹಿಟ್ಟನ್ನು ಮೃದುವಾಗಿ ಅದುಮಿ, ಕೆಳಗಿನ ಪದರಕ್ಕೆ ತುಸು ಹೆಚ್ಚು ಬರುವಂತೆ ಎರಡು ಭಾಗ ಮಾಡಬೇಕು. ಹತ್ತು ನಿಮಿಷ ಬಿಟ್ಟು ಲಟ್ಟಿಸಬೇಕು. ತಕ್ಷಣ ಲಟ್ಟಿಸಿದರೆ ಹಾಳೆ ಮತ್ತೆ ಕುಗ್ಗುತ್ತದೆ.
6. ದೊಡ್ಡ ಹಾಳೆಯನ್ನು ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ, ಅಂಚಿನಲ್ಲಿ ಒಂದೂವರೆ ಸೆಂ.ಮೀ. ಬಿಟ್ಟು ಹೂರಣವನ್ನು ಸಮನಾಗಿ ಹರಡಬೇಕು. ಅಂಚಿಗೆ ಹಾಲು ಸವರಿ, ಎರಡನೆಯ ಹಾಳೆ ಮುಚ್ಚಿ, ಕರ್ಜಿಕಾಯಿಯ ಅಂಚಿನಂತೆ ಒತ್ತಿ ಸೇರಿಸಬೇಕು.
7. ಮೇಲ್ಭಾಗದಲ್ಲಿ ಫೋರ್ಕಿನಿಂದ ಹತ್ತಾರು ಕಡೆ ಚುಚ್ಚಬೇಕು. 20ರಿಂದ 25 ನಿಮಿಷ ಬಿಟ್ಟು, ಹಾಲು ಸವರಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 22ರಿಂದ 25 ನಿಮಿಷ ಬೇಯಿಸಬೇಕು.
8. ಹೊರತೆಗೆದ ಕೂಡಲೇ ಮೇಲೆ ಸ್ವಲ್ಪ ಬೆಣ್ಣೆ ಸವರಬೇಕು. ಜಾಲರಿಯ ಮೇಲಿಟ್ಟು ಕನಿಷ್ಠ ಅರ್ಧ ಗಂಟೆ ಆರಿದ ಮೇಲೆಯೇ ಕತ್ತರಿಸಬೇಕು.

ಉದ್ದನೆಯ ತುಂಡುಗಳು ಬೇಕಾದರೆ ಇದೇ ಅಳತೆಯನ್ನು 20 ಸೆಂ.ಮೀ. ಚೌಕದ ತಟ್ಟೆಯಲ್ಲಿ ಬೇಯಿಸಿ ಪಟ್ಟಿಗಳಾಗಿ ಕೊಯ್ಯಬಹುದು.

ಓವನ್ ಇಲ್ಲದೆ

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಹಳೆಯ ಪಾತ್ರೆಯನ್ನು ಬಳಸಬಹುದು. ತಳದಲ್ಲಿ ಒಂದು ಸೆಂ.ಮೀ. ದಪ್ಪಕ್ಕೆ ಹರಳುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಮೇಲಿನ ಅಳತೆಯ ಅರ್ಧದಷ್ಟನ್ನು 15ರಿಂದ 16 ಸೆಂ.ಮೀ. ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟು, ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಬೇಕು. ಕುಕ್ಕರ್ ಬಳಸುವುದಾದರೆ ಒಳಗೆ ನೀರು ಇರುವುದಿಲ್ಲವಾದ್ದರಿಂದ ಮುಚ್ಚಳದ ರಬ್ಬರ್ ಮತ್ತು ವಿಷಲ್ ಎರಡನ್ನೂ ಕಡ್ಡಾಯವಾಗಿ ತೆಗೆದಿಡಬೇಕು. ಮೇಲಿನಿಂದ ಕಾವು ಬೀಳದ ಕಾರಣ ಮೇಲ್ಭಾಗ ಬಿಳಿಚಿಕೊಂಡಿರುತ್ತದೆ. ಬೆಂದ ಮೇಲೆ ಬೆಣ್ಣೆ ಸವರಿದ ಹಂಚಿನ ಮೇಲೆ ಒಂದು ನಿಮಿಷ ಮಗುಚಿ ಹಾಕಿದರೆ ಬಣ್ಣ ಬರುತ್ತದೆ. ಈ ಉಪ್ಪನ್ನು ಮತ್ತೆ ಬೇಕಿಂಗಿಗೆ ಬಳಸಬಹುದು, ಅಡುಗೆಗೆ ಬಳಸುವಂತಿಲ್ಲ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು

- ಮೇಲಿನ ಹಾಳೆ ಗುಳ್ಳೆಯಂತೆ ಎದ್ದು ಹೂರಣದಿಂದ ಬೇರ್ಪಡುವುದು: ಚುಚ್ಚಿದ ರಂಧ್ರಗಳು ಸಾಲದೆ ಆವಿ ಒಳಗೆ ಸಿಕ್ಕಿಕೊಂಡಿರುತ್ತದೆ.
- ಕೆಳಗಿನ ಪದರ ಹಸಿಯಾಗಿ ಉಳಿಯುವುದು: ಹಸಿ ಕಾಯಿ ಬಳಸಿರುವುದು, ಹೂರಣಕ್ಕೆ ಹಾಲು ಹೆಚ್ಚಾಗಿರುವುದು, ಅಥವಾ ಬೇಯಿಸಿದ ತಟ್ಟೆಯಲ್ಲಿಯೇ ಆರಲು ಬಿಟ್ಟಿರುವುದು.
- ಕತ್ತರಿಸುವಾಗ ಹೂರಣ ಉದುರುವುದು: ತುಪ್ಪ, ಹಾಲು ಸಾಲದಿರುವುದು, ಅಥವಾ ಬಿಸಿಯಿರುವಾಗಲೇ ಕತ್ತರಿಸಿರುವುದು.
- ಹುಳಿ ವಾಸನೆ: ಹಿಟ್ಟು ಅತಿಯಾಗಿ ಹುದುಗಿರುವುದು.
- ಕಮಟು ವಾಸನೆ: ಕೊಬ್ಬರಿ ಹಳೆಯದಾಗಿರುವುದು. ಬಳಸುವ ಮೊದಲು ಒಂದು ಚೂರನ್ನು ತಿಂದು ನೋಡುವುದು ಕ್ಷೇಮ.
- ಗಟ್ಟಿಯಾಗುವುದು: ಹಾಲು ಕಡಿಮೆಯಾಗಿರುವುದು, ಅಥವಾ ಸಣ್ಣ ಕಾವಿನಲ್ಲಿ ಬಹಳ ಹೊತ್ತು ಬೇಯಿಸಿ ಒಣಗಿಸಿರುವುದು.

ಸಂಗ್ರಹ ಮತ್ತು ಆರೋಗ್ಯ

ಪೂರ್ತಿ ಆರಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬನ್ ಬಗೆಯನ್ನು ಎರಡು ದಿನ ಹೊರಗೆ ಇಡಬಹುದು. ಕಡುಬೇಸಿಗೆಯಲ್ಲಿ ಒಂದು ದಿನವಷ್ಟೇ ಸೂಕ್ತ. ಹಸಿ ಕಾಯಿ ಬಳಸಿದ್ದನ್ನು ಅಂದೇ ತಿನ್ನಬೇಕು.

ಮೇಲಿನ ಅಳತೆಯಲ್ಲಿ ಪ್ರತಿ ತುಂಡಿಗೆ ಸುಮಾರು 11 ಗ್ರಾಂ ಸಕ್ಕರೆ ಬರುತ್ತದೆ. ಟೂಟಿ ಫ್ರೂಟಿ ಮತ್ತು ದ್ರಾಕ್ಷಿಯ ಸಿಹಿ ಇದಕ್ಕೆ ಹೊರತು. ಮಧುಮೇಹ ಇರುವವರು ಇದನ್ನು ಗಮನಿಸಬೇಕು. ಭಾಗಶಃ ಹೈಡ್ರೋಜನೀಕರಿಸಿದ ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೂ 2022ರ ಜನವರಿಯಿಂದ ಶೇ. 2ಕ್ಕೂ ಇಳಿಸಿದೆ. ಯಾವ ಕೊಬ್ಬನ್ನು ಬಳಸಬೇಕೆಂಬ ಆಯ್ಕೆ ತಯಾರಿಸುವವರ ಕೈಯಲ್ಲಿಯೇ ಇರುವುದು ಮನೆಯ ತಯಾರಿಕೆಯ ಮುಖ್ಯ ಪ್ರಯೋಜನ.

ದಾಖಲೀಕರಣದ ಅಗತ್ಯ

ಅಡುಗೆಯನ್ನು ಬರಹಕ್ಕೆ ಇಳಿಸುವ ಪರಂಪರೆ ಕನ್ನಡದಲ್ಲಿ ಹಳೆಯದು. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ವಿಷಯವಿದೆ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವು ಅಡುಗೆಗೇ ಮೀಸಲಾದ ಷಟ್ಪದಿ ಕೃತಿ. ಐದು ನೂರು ವರ್ಷಗಳ ಹಿಂದಿನ ಭಕ್ಷ್ಯಗಳ ತಯಾರಿಕೆಯನ್ನು ಇಂದು ಓದಿ ತಿಳಿಯಬಹುದಾಗಿದೆ. ಆದರೆ ಪಕ್ಕದ ಬೀದಿಯ ಬೇಕರಿಯ ತಿನಿಸು ಹಲವು ವೇಳೆ ಬರಹದಲ್ಲಿ ಇರುವುದಿಲ್ಲ. ಹಿಟ್ಟು ಕಲಸುತ್ತಿದ್ದ ಕೈ ಬದಲಾದರೆ ರುಚಿಯೂ ಬದಲಾಗುತ್ತದೆ. ಅಂಗಡಿ ಮುಚ್ಚಿದರೆ ಅಳತೆಯೂ ಅದರೊಡನೆ ಹೋಗುತ್ತದೆ. ಮನೆಯ ಅಡುಗೆಯ ಸ್ಥಿತಿಯೂ ಇದೇ. 'ಕೈಯಂದಾಜು' ಎಂದು ಹಿರಿಯರು ಹೇಳುವ ಅಳತೆ ಅವರ ಕೈಯಲ್ಲಿಯೇ ಉಳಿದುಬಿಡುತ್ತದೆ.

ಇಂತಹ ಪಾಕವಿಧಾನವನ್ನು ಬರೆದಿಡುವಾಗ ಪದಾರ್ಥಗಳ ತೂಕ, ತಟ್ಟೆಯ ಅಳತೆ, ಕಾವು, ಬೇಯಿಸಿದ ಸಮಯ, ಯಾವ ತಿಂಗಳಲ್ಲಿ ಮಾಡಿದ್ದು ಎಂಬ ಐದು ವಿವರಗಳು ಇರಬೇಕು. ಯಾರಿಂದ ಕಲಿತದ್ದು, ಎಲ್ಲಿ ತಪ್ಪಿತು ಎಂಬುದನ್ನೂ ಸೇರಿಸಿದರೆ ಮುಂದೆ ಮಾಡುವವರಿಗೆ ಸಹಾಯವಾಗುತ್ತದೆ. ಶಾಲಾ ಮಕ್ಕಳು ಮನೆಯ ಹಿರಿಯರು ಅಡುಗೆ ಮಾಡುವಾಗ ಪಕ್ಕದಲ್ಲಿ ಕುಳಿತು, ಒಂದೊಂದು ಹಿಡಿಯನ್ನೂ ತಕ್ಕಡಿಯಲ್ಲಿ ತೂಗಿ ಬರೆದುಕೊಂಡರೆ ಕೈಯಂದಾಜು ಅಂಕಿಗಳಲ್ಲಿ ಉಳಿಯುತ್ತದೆ.

ಇವನ್ನೂ ನೋಡಿ

- ಹೋಳಿಗೆ
- ಚಿರೋಟಿ
- ಅಯ್ಯಂಗಾರ್ ಬೇಕರಿ
- ಸೂಪಶಾಸ್ತ್ರ
- ವಿಜಯನಗರ ಜಿಲ್ಲೆ